ಬರಿಗೈ

ಸುಳ್ಳು ಸಾಕ್ಷಿ ಹೇಳಿದವರನ್ನು ಪಾರ್ಲಿಮೆಂಟಿನವರೇ ಜೈಲಿಗೆ ಕಳಿಸುತ್ತಾರೆ ಎಂದು ಭೀಮೇಶ ಹೇಳಿದಾಗ ಚೌಡಮ್ಮನ ಕೈ ಡಬ್ಬಿಯೊಳಗಿತ್ತು.

ಬೆಳಗಿನ ಆರೂವರೆ. ಭದ್ರಾವತಿಯ ಇಟ್ಟಿಗೆ ಫ್ಯಾಕ್ಟರಿಯ ಹಳೇ ಕ್ವಾರ್ಟರ್ಸು, ಅದರ ಹಿಂದಿನ ಓಣಿ. ಓಣಿಯುದ್ದಕ್ಕೂ ಕಕ್ಕಸುಗಳು. ಪ್ರತಿ ಕಕ್ಕಸಿನ ಹಿಂಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ತಗಡಿನ ಬಾಗಿಲು. ಬಾಗಿಲು ಎತ್ತಬೇಕು. ಒಳಗೆ ಕೈ ಹಾಕಿ ಡಬ್ಬಿ ಎಳೆಯಬೇಕು. ತಳ್ಳುಗಾಡಿಯ ಡ್ರಮ್ಮಿಗೆ ಸುರಿಯಬೇಕು. ಡಬ್ಬಿಗಳು ತುಕ್ಕು ಹಿಡಿದಿದ್ದವು. ತಗಡಿನ ತುಂಡಿನಿಂದ ಗೋರಿದರೆ ತಳ ತೂತಾಗುತ್ತದೆ. ತೂತಾದರೆ ಹೊಸ ಡಬ್ಬಿ ಬರಲು ಎರಡು ತಿಂಗಳು, ಅಲ್ಲಿಯವರೆಗೆ ನೆಲದಿಂದ ಎತ್ತಬೇಕು. ಹಾಗಾಗಿ ಹೆಂಗಸರು ತಗಡು ಬಿಟ್ಟು ಕೈಯಿಂದಲೇ ಬಾಚುತ್ತಿದ್ದರು.

“ಏನಂದ್ರಿ ಭೀಮೇಶಣ್ಣ?”

“ಕಿವಿಯೊಳಗೂ ಅದೇ ತುಂಬ್ಕೊಂಡಿದ್ಯಾ? ಜೈಲು ಅಂದೆ. ಹತ್ತು ಗಂಟೆಗೆ ಹಾಲಸ್ವಾಮಿ ಸಾಹೇಬ್ರು ಕರೀತಿದಾರೆ. ಚೆನ್ನಾಗಿ ತೊಳ್ಕೊಂಡು ಬಾ. ಆಫೀಸು ನಾರಿಸ್ಬೇಡ.”

ಭೀಮೇಶ ಸಫಾಯಿ ಕೆಲಸದ ಕಂಟ್ರಾಕ್ಟರು. ಮೂಗಿಗೆ ಕರ್ಚೀಫು ಒತ್ತಿಕೊಂಡೇ ಮಾತಾಡುವವನು. ಬೈಕಿನಿಂದ ಇಳಿಯಲಿಲ್ಲ. ಹಾಗೇ ತಿರುಗಿಸಿಕೊಂಡು ಹೋದ.

ಚೌಡಮ್ಮ ಡಬ್ಬಿಯಿಂದ ಕೈ ತೆಗೆಯಲಿಲ್ಲ. ತೆಗೆಯುವುದು ಮರೆತುಹೋಗಿತ್ತು. ಪಕ್ಕದ ಕಕ್ಕಸಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ ದ್ಯಾಮಮ್ಮ ಎದ್ದು ಬಂದಳು. ಅರವತ್ತರ ಮುದುಕಿ, ಈ ಓಣಿಯಲ್ಲಿ ಎಲ್ಲರಿಗಿಂತ ಹಳಬಳು.

“ಅವತ್ತೇ ಬಡ್ಕೊಂಡೆ ನಾನು, ಹೋಗ್ಬೇಡ ಮಾರಾಯ್ತಿ ಅಂತ. ದೊಡ್ಡೋರು ಕೇಳ್ತಾರೆ ಅಂತ ನಾವು ಹೇಳೋದಾ?”

“ನಾನೇನು ಸುಳ್ಳು ಹೇಳಿದೆ ದ್ಯಾಮಕ್ಕ?”

“ನಂಗೇನು ಗೊತ್ತು. ನಾನೇನು ಅಲ್ಲಿದ್ನಾ? ಈಗ ಡಬ್ಬಿ ಎಳಿ. ಅದಂತೂ ಕಾಯಲ್ಲ.”

*

ಫ್ಯಾಕ್ಟರಿ ಕೇಂದ್ರ ಸರ್ಕಾರದ್ದು. ಬೇರೆ ಕಾರ್ಖಾನೆಗಳ ಕುಲುಮೆಗೆ ಬೇಕಾಗುವ, ಬೆಂಕಿಗೆ ಬಗ್ಗದ ಇಟ್ಟಿಗೆ ಮಾಡುತ್ತಿದ್ದರು. ಚೌಡಮ್ಮನ ಗಂಡ ಜಯಪ್ಪ ಅಲ್ಲಿ ಗೂಡಿಗೆ ಇಟ್ಟಿಗೆ ತುಂಬುತ್ತಿದ್ದವನು, ಆ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತು ಆರು ವರ್ಷವಾಗಿತ್ತು. ಚೌಡಮ್ಮ ಓಣಿಗೆ ಬಂದು ಹದಿನಾರು ವರ್ಷ. ಕೈಯಿಂದ ಮಲ ಎತ್ತಿಸಬಾರದು, ಇಂಥ ಕಕ್ಕಸು ಇಡಬಾರದು ಎಂದು 1993ರಲ್ಲೇ ಕಾನೂನು ಆಗಿತ್ತು. ಈಗ 2001 ಮುಗಿಯುತ್ತಿತ್ತು. ಎಲ್ಲ ಕಕ್ಕಸನ್ನೂ ನೀರು ಬಿಡುವ ಕಕ್ಕಸು ಮಾಡಿದ್ದೇವೆ ಎಂದು ಫ್ಯಾಕ್ಟರಿ ನಾಲ್ಕು ವರ್ಷದಿಂದ ದಿಲ್ಲಿಗೆ ಬರೆದು ಕಳಿಸುತ್ತಿತ್ತು. ಓಣಿಯಲ್ಲಿ ಮಾತ್ರ ಹನ್ನೆರಡು ಹೆಂಗಸರು ದಿನಾ ಬೆಳಿಗ್ಗೆ ಡಬ್ಬಿ ಎಳೆಯುತ್ತಿದ್ದರು.

ಆ ಹನ್ನೆರಡು ಜನಕ್ಕೆ ಸಫಾಯಿ ಲೈನಿನಲ್ಲಿ ಹನ್ನೆರಡು ಮನೆ. ಹತ್ತಡಿ ಕೋಣೆ, ಮೇಲೆ ಶೀಟು. ಲೈನಿನ ಕಟ್ಟಲೆ ಒಂದೇ: ಮನೆಗೊಂದು ಕೈ. ಮನೆಯಲ್ಲಿ ಇರಬೇಕಾದರೆ ಆ ಮನೆಯಿಂದ ಒಬ್ಬಳು ಓಣಿಗೆ ಇಳಿಯಬೇಕು. ಅತ್ತೆಗೆ ಆಗದಿದ್ದರೆ ಸೊಸೆ, ತಾಯಿಗೆ ಆಗದಿದ್ದರೆ ಮಗಳು. ಇದನ್ನು ಎಲ್ಲೂ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ.

ಆಗಸ್ಟಿನಲ್ಲಿ ಸಂಸತ್ತಿನ ಒಂದು ಸಮಿತಿ ಫ್ಯಾಕ್ಟರಿ ನೋಡಲು ಬಂತು. ಪರಿಶಿಷ್ಟ ಜಾತಿಯವರಿಗೆ ಸಿಗಬೇಕಾದ್ದು ಸಿಕ್ಕಿದೆಯೋ ಇಲ್ಲವೋ ಎಂದು ವಿಚಾರಿಸುವ ಸಮಿತಿ. ಅವರು ಬರುವ ಹಿಂದಿನ ದಿನ ಮೇಸ್ತ್ರಿಗಳು ಬಂದು ಓಣಿಯ ತಗಡಿನ ಬಾಗಿಲುಗಳಿಗೆ ಸಿಮೆಂಟು ಬಳಿದರು. ಕಕ್ಕಸುಗಳಿಗೆ ಬೀಗ ಹಾಕಿದರು. ಕ್ವಾರ್ಟರ್ಸಿನ ಜನ ಚೊಂಬು ಹಿಡಿದು ರೈಲು ಹಳಿಯ ಕಡೆ ನಡೆದರು. ಹನ್ನೆರಡು ಹೆಂಗಸರಿಗೂ ರಬ್ಬರ್ ಗ್ಲೌಸು, ಗಮ್‌ಬೂಟು ತೊಡಿಸಿ ಫೋಟೋ ತೆಗೆದರು. ಸಂಜೆ ಎಲ್ಲವನ್ನೂ ಎಣಿಸಿ ಸ್ಟೋರಿಗೆ ವಾಪಸು ತೆಗೆದುಕೊಂಡರು. ಸಮಿತಿಯವರು ಕ್ಯಾಂಟೀನು ನೋಡಿದರು, ಮೀಸಲಾತಿಯ ರಿಜಿಸ್ಟರು ನೋಡಿದರು. ಓಣಿಗೆ ಬರಲಿಲ್ಲ. ಕಾರುಗಳು ಹೋದ ಮಾರನೇ ದಿನ ಮೇಸ್ತ್ರಿಗಳೇ ಬಂದು ಸಿಮೆಂಟು ಒಡೆದರು.

“ಪುಣ್ಯಾತ್ಮರು ತಿಂಗಳಿಗೊಂದ್ಸಲ ಬರಬಾರ್ದಾ,” ಎಂದಿದ್ದಳು ದ್ಯಾಮಮ್ಮ. “ಮೂರು ದಿನ ರಜ ಸಿಕ್ತು.”

ಸಮಿತಿ ಫ್ಯಾಕ್ಟರಿ ನೋಡಿಹೋದ ದಿನವೇ ಸಂಜೆ ಶಿವಮೊಗ್ಗದಲ್ಲಿ ಪರಶುರಾಮ ಸಮಿತಿಯವರಿಗೆ ಒಂದು ಮನವಿ ಕೊಟ್ಟಿದ್ದ. ಪರಶುರಾಮ ಬ್ಯಾಂಕಿನಲ್ಲಿ ಕ್ಲಾರ್ಕು, ಮನೆ ರವೀಂದ್ರನಗರದಲ್ಲಿ, ಜಿಲ್ಲೆಯ ಪರಿಶಿಷ್ಟ ನೌಕರರ ಸಂಘದ ಕಾರ್ಯದರ್ಶಿ. ಮನವಿಯಲ್ಲಿ ಬಡ್ತಿ, ತುಂಬದ ಹುದ್ದೆ ಎಲ್ಲ ಇದ್ದವು. ಹದಿನಾಲ್ಕನೇ ಪ್ಯಾರಾದಲ್ಲಿ ಓಣಿ ಇತ್ತು. ನವೆಂಬರಿನಲ್ಲಿ ಸಂಘದವರು ದಿಲ್ಲಿಗೆ ಬಂದು ಸಾಕ್ಷ್ಯ ಹೇಳಬೇಕೆಂದು ಕಾಗದ ಬಂತು. ಅವನು ಲೈನಿಗೆ ಬಂದು ಹೆಂಗಸರ ಮುಂದೆ ಕೂತ.

“ಅವರು ಊರಿಗೆ ಬಂದಾಗ ಆಡಿದ ಮಾತು ಅವರ ತಿಳಿವಳಿಕೆಗೆ ಅಷ್ಟೇ. ದಿಲ್ಲೀಲಿ ಕೋಣೇಲಿ ಕೂತು, ಬರ್ಕೊಳ್ಳೋರ ಮುಂದೆ ಹೇಳಿದ್ದು ಮಾತ್ರ ದಾಖಲೆ. ನಾನು ಹೇಳಿದ್ರೆ ಅದು ಕೇಳಿದ ಮಾತು. ನಿಮ್ಮಲ್ಲಿ ಒಬ್ರು ಬರ್ಬೇಕು.”

ಹನ್ನೊಂದು ಜನ ಆಗಲ್ಲ ಎಂದರು. ಚೌಡಮ್ಮನೂ ಆಗಲ್ಲ ಎಂದಳು. ಅದೇ ವಾರ ಭೀಮೇಶ ಓಣಿಯಲ್ಲಿ ಬೈಕು ನಿಲ್ಲಿಸಿ ಅವಳು ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಿದ. “ನಿನ್ನ ಕತೆ ಮುಗೀತು ಚೌಡಿ. ಜನವರಿಯಿಂದ ಮಗಳನ್ನ ಕಳಿಸು,” ಎಂದ. ಮಗಳು ಸಂಧ್ಯಾಗೆ ಹದಿನೇಳು. ಎರಡನೇ ಪಿಯುಸಿ. ಮಾರನೇ ದಿನ ಚೌಡಮ್ಮ ಎಸ್‌ಟಿಡಿ ಬೂತಿನಿಂದ ಬ್ಯಾಂಕಿಗೆ ಫೋನು ಮಾಡಿಸಿ, ಬರ್ತೀನಿ ಎಂದಳು.

*

ದಿಲ್ಲಿಯ ಆ ಕೋಣೆಯಲ್ಲಿ ಅವಳು ಕೂತಿದ್ದು ಮುಕ್ಕಾಲು ಗಂಟೆ. ಮಾತಾಡಿದ್ದು ಒಂದು ನಿಮಿಷಕ್ಕೂ ಕಡಿಮೆ.

ಕುದುರೆ ಲಾಳದ ಹಾಗೆ ಬಾಗಿದ ದೊಡ್ಡ ಮೇಜು. ಒಂದು ಕಡೆ ಸಂಸದರು, ಎದುರಿಗೆ ಸಂಘದ ಐದು ಜನ. ನಡುವೆ ಇಬ್ಬರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಬೇರೆ ಯಾರೋ ಬಂದು ಅವರನ್ನು ಎಬ್ಬಿಸಿ ತಾವು ಕೂರುತ್ತಿದ್ದರು. ತಪ್ಪು ಬರೆದವರನ್ನು ಹೊರಗೆ ಕಳಿಸುತ್ತಿದ್ದಾರೆ ಎಂದುಕೊಂಡಳು ಚೌಡಮ್ಮ. ಅದು ಅವರ ಸರದಿ ಎಂದು ಅವಳಿಗೆ ಗೊತ್ತಿರಲಿಲ್ಲ. ಬರೆಯುವವರಿಗೇ ಹೀಗಾದರೆ ಹೇಳುವವರ ಗತಿಯೇನು?

ಅವಳ ಕಿವಿಗೆ ಒಂದು ಯಂತ್ರ ಹಾಕಿದ್ದರು. ಅಧ್ಯಕ್ಷರು ಇಂಗ್ಲಿಷಿನಲ್ಲಿ ಏನೋ ಓದಿದರು. ಗಾಜಿನ ಗೂಡಿನೊಳಗೆ ಕೂತ ಒಬ್ಬ ಹೆಂಗಸು ಅದನ್ನು ಕನ್ನಡದಲ್ಲಿ ಅವಳ ಕಿವಿಗೆ ಹೇಳಿದಳು. ನೀವು ಹೇಳುವುದು ಬಹಿರಂಗ, ಅಚ್ಚಾಗಬಹುದು. ಗುಟ್ಟಾಗಿಡಿ ಎಂದು ಕೇಳಿಕೊಳ್ಳಬಹುದು. ಕೇಳಿಕೊಂಡರೂ ಸಂಸದರಿಗೆ ತೋರಿಸಬೇಕಾಗಬಹುದು.

ನಂತರ ಅವಳ ಸರದಿ. ನೀವು ಏನು ಕೆಲಸ ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂದು ಅಧ್ಯಕ್ಷರು ಕೇಳಿದರು.

ರೈಲಿನಲ್ಲಿ ಎರಡು ದಿನ ಅವಳು ಇದನ್ನೇ ಬಾಯಿಪಾಠ ಮಾಡಿದ್ದಳು. ಹೇಲು ಎನ್ನಬೇಡಿ, ಮಲ ಎನ್ನಿ ಎಂದು ಪರಶುರಾಮ ಹೇಳಿಕೊಟ್ಟಿದ್ದ. ಮಲ ಎಂಬ ಮಾತು ಅವಳ ನಾಲಿಗೆಗೆ ಯಾವತ್ತೂ ಬಂದದ್ದಲ್ಲ. ಆ ಹೊತ್ತಿಗೆ ಅದು ಸಿಗಲೇ ಇಲ್ಲ. ನಾಲಿಗೆಯ ತುದಿಯಲ್ಲಿದ್ದ ಇನ್ನೊಂದು ಮಾತನ್ನು ಆಡಲು ನಾಚಿಕೆಯಾಯಿತು. ಎದುರಿಗೆ ಬಿಳಿ ಬಟ್ಟೆಯವರು. ಇಬ್ಬರು ಹೆಣ್ಣುಮಕ್ಕಳು. ಮೇಜಿನ ಮೇಲೆ ಬಿಸ್ಕತ್ತು ಇತ್ತು.

“ಅದನ್ನ ಸ್ವಾಮಿ,” ಎಂದಳು. “ದಿನಾ ಬೆಳಿಗ್ಗೆ. ಹದಿನಾರು ವರ್ಷದಿಂದ ಬರಿಗೈಲೇ ಸ್ವಾಮಿ.”

ಅಷ್ಟೇ ಹೊರಗೆ ಬಂದದ್ದು. ಗಾಜಿನ ಗೂಡಿನ ಹೆಂಗಸು ಅದನ್ನು ಇಂಗ್ಲಿಷು ಮಾಡಿ ಸಂಸದರ ಕಿವಿಗೆ ಹಾಕಿದಳು. ಕಿವಿಗೆ ಯಂತ್ರವಿಲ್ಲದ ಪರಶುರಾಮನಿಗೆ ಅದು ಕೇಳಲಿಲ್ಲ. ಅಧ್ಯಕ್ಷರು ತಲೆಯಾಡಿಸಿ ಏನೋ ಗುರುತು ಹಾಕಿಕೊಂಡರು. ಇದಕ್ಕೆ ಸಚಿವಾಲಯದಿಂದ ಉತ್ತರ ಕೇಳುತ್ತೇವೆ ಎಂದರು. ಹೊತ್ತು ಮೀರಿತ್ತು. ಸಂಘದವರು ಎದ್ದು ಹೊರಗೆ ಬಂದರು.

ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಲಕೋಟೆ ಬಂತು. ಅವಳು ಆಡಿದ ಮಾತು, ಇಂಗ್ಲಿಷಿನಲ್ಲಿ. ಓದಿ, ತಪ್ಪಿದ್ದರೆ ತಿದ್ದಿ, ಹದಿನೈದು ದಿನದೊಳಗೆ ವಾಪಸು ಕಳಿಸಬೇಕು. ಏನೂ ಬಾರದಿದ್ದರೆ ಇರುವುದೇ ಸರಿ ಎಂದು ತಿಳಿಯಲಾಗುತ್ತದೆ. ಚೌಡಮ್ಮ ಬಸ್ಸು ಹತ್ತಿ ರವೀಂದ್ರನಗರಕ್ಕೆ ಹೋದಳು. ಪರಶುರಾಮ ಇಂಗ್ಲಿಷು ಓದಿ ಅವಳಿಗೆ ಕನ್ನಡದಲ್ಲಿ ಹೇಳಿದ.

“ನಿಮ್ಮದು ಒಂದೇ ಸಾಲು ಚೌಡಮ್ಮಕ್ಕ. ಹದಿನಾರು ವರ್ಷದಿಂದ ಬರಿಗೈಲಿ ಅಂತ ಇದೆ. ಸರಿ ತಾನೆ?”

“ಸರಿ. ಹಂಗೇ ಅಂದಿದ್ದು.”

“ಹಂಗಾದ್ರೆ ತಿದ್ದೋದೇನಿಲ್ಲ. ಬಿಡಿ.”

ಹನ್ನೆರಡು ದಿನ ಲಕೋಟೆ ಟ್ರಂಕಿನಲ್ಲಿ ಸೀರೆಯ ಕೆಳಗಿತ್ತು. ಭೀಮೇಶ ಜೈಲಿನ ಮಾತಾಡಿದ್ದು ಹದಿಮೂರನೇ ದಿನ.

*

ಹಾಲಸ್ವಾಮಿಯ ಕೋಣೆಗೆ ಅವಳು ಹಿಂದೆ ಹೋದದ್ದು ಒಂದೇ ಸಲ, ಅದರ ಹಿಂದಿನ ಚರಂಡಿ ಕಟ್ಟಿಕೊಂಡಾಗ. ಆಗ ಹಿತ್ತಿಲ ಕಡೆಯಿಂದ. ಈಗ ಮುಂಬಾಗಿಲು. ಚಪ್ಪಲಿ ಹೊರಗೆ ಬಿಟ್ಟಳು. ಹೊಸ್ತಿಲು ದಾಟಿ ಗೋಡೆಗೆ ತಾಗದ ಹಾಗೆ ನಿಂತಳು. ಮೂರು ಸಲ ಸೋಪು ಹಚ್ಚಿದ್ದಳು, ಸೀಮೆಎಣ್ಣೆಯಲ್ಲಿ ಉಗುರು ಉಜ್ಜಿದ್ದಳು. ಆದರೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಹಾಲಸ್ವಾಮಿ ಫ್ಯಾಕ್ಟರಿಯ ಪರ್ಸನೆಲ್ ಮ್ಯಾನೇಜರು. ನೌಕರರ ನೇಮಕ, ರಜೆ, ವಜಾ ಎಲ್ಲ ಅವನ ಮೇಜಿನ ಮೇಲೇ. ಗಟ್ಟಿಯಾಗಿ ಮಾತಾಡುವವನಲ್ಲ. ಭೀಮೇಶ ಅವನ ಪಕ್ಕದ ಕುರ್ಚಿಯಲ್ಲಿದ್ದ, ತೊಡೆಯ ಮೇಲೆ ಒಂದು ಉದ್ದನೆಯ ರಿಜಿಸ್ಟರು.

“ದಿಲ್ಲಿಯಿಂದ ನಮಗೆ ಪ್ರಶ್ನೆ ಬಂದಿವೆ,” ಎಂದ ಹಾಲಸ್ವಾಮಿ. “ಏಳನೇದು ನಿಂದು. ಕನ್ನಡದಲ್ಲಿ ಹೇಳ್ತೀನಿ, ಕೇಳು. ಹದಿನಾರು ವರ್ಷ ದುಡಿದರೂ ತನಗೆ ಏನೂ ಸಿಕ್ಕಿಲ್ಲ, ಖಾಲಿ ಕೈಯಲ್ಲಿ ಇದ್ದೇನೆ ಅಂತ ಸಾಕ್ಷಿ ಹೇಳಿದಾರೆ. ಕೂಲಿ ಕೊಟ್ಟಿಲ್ವಾ, ಉತ್ತರ ಕೊಡಿ. ಹಿಂಗಿದೆ.”

“ನಾನು ಹಂಗಂದಿಲ್ಲ ಸ್ವಾಮಿ.”

“ಹಂಗಾದ್ರೆ ದಿಲ್ಲಿಯೋರು ಸುಳ್ಳು ಬರ್ದಿದಾರಾ?”

ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಭೀಮೇಶ ರಿಜಿಸ್ಟರು ತೆರೆದು ಅವಳ ಕಡೆ ತಿರುಗಿಸಿದ.

“ಇದ್ಯಾರ ಸೈನು? ಇದು? ಇದು? ಪ್ರತಿ ತಿಂಗಳೂ ಈಸ್ಕೊಂಡು ಸೈನು ಹಾಕಿ, ಅಲ್ಲಿ ಹೋಗಿ ಏನೂ ಕೊಟ್ಟಿಲ್ಲ ಅಂತೀಯಲ್ಲ, ನಾಚ್ಕೆ ಆಗಲ್ವಾ?”

ಸೈನು ಅವಳದ್ದೇ. ಸಾಕ್ಷರತೆಯ ಕ್ಲಾಸಿನಲ್ಲಿ ಕಲಿತ ಮೂರು ಅಕ್ಷರ. ಅವಳಿಗೆ ಬರೆಯಲು ಬರುವುದು ಅದೊಂದೇ.

“ಪಾರ್ಲಿಮೆಂಟಿನ ಸಮಿತಿ ಮುಂದೆ ಸುಳ್ಳು ಹೇಳೋದು ಅಂದ್ರೆ ಪಾರ್ಲಿಮೆಂಟಿಗೇ ಅವಮಾನ,” ಎಂದ ಹಾಲಸ್ವಾಮಿ. “ಕೋರ್ಟೂ ಇಲ್ಲ, ವಕೀಲರೂ ಇಲ್ಲ. ಅವರೇ ತೀರ್ಪು ಕೊಡ್ತಾರೆ. ನಾವು ಈ ರಿಜಿಸ್ಟರು ಕಳಿಸಿದ್ರೆ ಆಯ್ತು, ನಿನ್ನ ಕತೆ.”

ಅವನು ಹೇಳಿದ್ದು ಪೂರಾ ಸುಳ್ಳಲ್ಲ. ಸಮಿತಿಯ ಮುಂದೆ ಬೇಕೆಂದು ಸುಳ್ಳು ಹೇಳುವುದು ಸದನದ ಹಕ್ಕುಚ್ಯುತಿ. ಸಮಿತಿಯ ಮುಂದೆ ಮಾತಾಡಿದವರನ್ನು ಕರೆಸಿ ಹೆದರಿಸುವುದೂ ಅಷ್ಟೇ ದೊಡ್ಡ ಹಕ್ಕುಚ್ಯುತಿ. ಎರಡನೆಯದನ್ನು ಆ ಕೋಣೆಯಲ್ಲಿ ಯಾರೂ ಅವಳಿಗೆ ಹೇಳಲಿಲ್ಲ.

ಚೌಡಮ್ಮನಿಗೆ ಉಚ್ಚೆ ಬಂದ ಹಾಗಾಯಿತು. ಸಂಧ್ಯಾ ಒಬ್ಬಳೇ ಮನೆಯಲ್ಲಿರುವುದು ಕಣ್ಣಿಗೆ ಬಂತು. ತಾನು ಆ ಕೋಣೆಯಲ್ಲಿ ಆಡಿದ್ದ ಮಾತನ್ನು ಮತ್ತೆ ಮತ್ತೆ ನೆನೆಸಿಕೊಂಡಳು. 

“ನಾನು ಬರಿಗೈ ಅಂದೆ ಸ್ವಾಮಿ,” ಎಂದಳು. “ಖಾಲಿ ಕೈ ಅಂತ ಅಂದೇ ಇಲ್ಲ. ಬರಿಗೈಲಿ ಅಂದೆ.”

ಹಾಲಸ್ವಾಮಿ ಭೀಮೇಶನ ಮುಖ ನೋಡಿದ. ಇಬ್ಬರೂ ನಕ್ಕರು. ಸಿಟ್ಟಿನ ನಗೆಯಲ್ಲ, ಒಳ್ಳೆಯ ತಮಾಷೆ ಕೇಳಿದಾಗ ಬರುವಂಥದ್ದು.

“ಗೊತ್ತು ಚೌಡಮ್ಮ. ಓದಿದ ತಕ್ಷಣ ಗೊತ್ತಾಯ್ತು. ನಾನೂ ಕನ್ನಡದೋನೇ ಅಲ್ವಾ? ಅಲ್ಲಿ ಇಂಗ್ಲಿಷು ಮಾಡಿದೋರಿಗೆ ಬರಿಗೈ ಅಂದ್ರೆ ಜೇಬು ಖಾಲಿ ಅನ್ನೋದಷ್ಟೇ ಗೊತ್ತು. ನೀನು ಅಂದಿದ್ದು ನನಗೆ ಅರ್ಥ ಆಗುತ್ತೆ. ಕಾಗದಕ್ಕೆ ಅರ್ಥ ಆಗಲ್ವಲ್ಲ.”

ಕಿಟಕಿಯಾಚೆ ಲಾರಿಯೊಂದು ಹಿಂದೆ ಹಿಂದೆ ಬರುತ್ತಿತ್ತು. ಅದರ ಸದ್ದು ನಿಲ್ಲುವವರೆಗೆ ಅವನು ಕಾದ.

“ನೋಡು, ನಾವು ಕೆಟ್ಟೋರಲ್ಲ. ಕೂಲಿ ಕೊಟ್ಟಿದೀವಿ, ತಿಳಿವಳಿಕೆ ಇಲ್ಲದ ಹೆಂಗಸು ಏನೋ ಅಂದಿದಾಳೆ, ಕ್ಷಮಿಸಿ ಅಂತ ನಾವೇ ಬರೀತೀವಿ. ನಿನಗೆ ಏನೂ ಆಗಲ್ಲ. ನೀನು ಮಾಡಬೇಕಾದ್ದು ಏನೂ ಇಲ್ಲ. ಇವತ್ತಿನಿಂದ ಎರಡು ದಿನ ಸುಮ್ಮನಿರಬೇಕು. ಅಷ್ಟೇ. ನಿನ್ನ ಮಗಳ ವಿಷಯ ಭೀಮೇಶ ಹೇಳಿದ. ಓದ್ಲಿ ಪಾಪ. ಒಂದು ವರ್ಷ ಆದ್ಮೇಲೆ ನೋಡೋಣ.”

“ಓದ್ಲಿ,” ಎಂದ ಭೀಮೇಶನೂ.

ಎರಡು ದಿನ. ಹದಿನಾರು ವರ್ಷ ಸುಮ್ಮನಿದ್ದವಳಿಗೆ ಎರಡು ದಿನ ಏನು ಮಹಾ. ತಲೆಯಾಡಿಸಿದರೆ ಮುಗಿಯಿತು, ತಲೆ ಬಗ್ಗಿಯೂ ಇತ್ತು. ಆದರೆ ಅವಳ ಮನಸ್ಸು ಒಂದು ಮಾತಿನ ಮೇಲೆ ನಿಂತುಬಿಟ್ಟಿತು. ಒಂದು ವರ್ಷ ಆದ್ಮೇಲೆ. ಬಿಡ್ತೀವಿ ಎಂದಿರಲಿಲ್ಲ. ನೋಡೋಣ ಎಂದಿದ್ದರು. ಕಾಗದದಲ್ಲಿ ಕೂಲಿಯ ಮಾತು ಉಳಿಯುತ್ತದೆ, ಕೂಲಿ ಕೊಟ್ಟಿದ್ದೇವೆ ಎಂಬ ಉತ್ತರ ಹೋಗುತ್ತದೆ, ಓಣಿ ಇಲ್ಲವೇ ಇಲ್ಲ ಎಂದಾಗುತ್ತದೆ. ಇಲ್ಲದ ಓಣಿಗೆ ಸಂಧ್ಯಾ ಇಳಿಯುತ್ತಾಳೆ.

“ತಿದ್ದಿ ಕಳಿಸ್ಬೋದಂತಲ್ಲ ಸ್ವಾಮಿ,” ಎಂದಳು. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಹಾಲಸ್ವಾಮಿಯ ನಗು ಹೋಯಿತು.

“ಸರಿ. ತಿದ್ದಲೇಬೇಕು ಅಂದ್ರೆ ನಾನೇ ಟೈಪ್ ಮಾಡಿಸ್ಕೊಡ್ತೀನಿ. ಗ್ಲೌಸ್ ಇಲ್ಲದೆ ಕೆಲಸ ಮಾಡಿದ್ದೆ ಅಂತ. ಅದೂ ನಿಜ ತಾನೆ? ಸೈನು ಹಾಕು, ಇವತ್ತೇ ಕಳಿಸೋಣ.”

ಸ್ಟೋರಿನಲ್ಲಿ ಹನ್ನೆರಡು ಜೊತೆ ಗ್ಲೌಸು ಇದ್ದವು. ಹನ್ನೆರಡು ಹೆಂಗಸರ ಫೋಟೋ ಇತ್ತು, ಅವಳ ಮಾತು ಸುಳ್ಳೆಂದು ತೋರಿಸಲು ಅಷ್ಟು ಸಾಕು. ಚೌಡಮ್ಮನಿಗೆ ಅದು ಒಂದು ಕ್ಷಣ ತಡವಾಗಿ ಹೊಳೆಯಿತು.

“ಗ್ಲೌಸಿನ ಮಾತು ನಾನು ಎತ್ತಿಲ್ಲ.”

“ಮತ್ತೇನು ಬರೀಬೇಕು ನಿಂಗೆ? ಖಾಲಿ ಕೈ ಅಲ್ಲ, ಬರಿ ಕೈ ಅಂತಾನಾ? ಎರಡೂ ಒಂದೇ ಕಣಮ್ಮ.”

“ಒಂದೇ ಅಲ್ಲ ಸ್ವಾಮಿ. ಕೈ ಖಾಲಿ ಇರ್ಲಿಲ್ಲ.”

“ಏನು?”

ಸೆರಗಿನೊಳಗಿಂದ ಕೈಗಳು ತಾವಾಗಿಯೇ ಹೊರಗೆ ಬಂದವು. ಬಿರುಕು ಬಿಟ್ಟ ಬೆರಳು, ತಗಡು ಕೊಯ್ದ ಗಾಯ, ಎಷ್ಟು ಉಜ್ಜಿದರೂ ಹೋಗದ ಉಗುರಿನ ಕಪ್ಪು. ಅವಳು ಅವನ್ನು ಒಳಗೆ ಎಳೆದುಕೊಳ್ಳಲಿಲ್ಲ.

“ತುಂಬಿತ್ತು. ದಿನಾ ತುಂಬಿರ್ತಿತ್ತು. ಹೇಲು ತುಂಬಿತ್ತು ಸ್ವಾಮಿ. ಕ್ವಾರ್ಟರ್ಸಿನೋರ ಹೇಲು.”

ಭೀಮೇಶ ಕುರ್ಚಿಯಿಂದ ಎದ್ದ. “ಏಯ್, ಬಾಯಿ ಮುಚ್ಚೇ. ಸಾಹೇಬ್ರ ಮುಂದೆ ಆಡೋ ಮಾತಾ ಅದು?”

“ಹದಿನಾರು ವರ್ಷ ಕೈಯಲ್ಲಿ ಹಿಡ್ದಿದೀನಿ. ಬಾಯಲ್ಲಿ ಒಂದ್ಸಲ ಬಂದಿದ್ದಕ್ಕೆ ನಿಮಗೆ ಹೇಸಿಗೆ ಆಯ್ತಾ?”

ಆಡಿದ ಮೇಲೆ ಅವಳಿಗೆ ತಾನು ಆಡಿದ್ದು ಕೇಳಿಸಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗೋಡೆ ತಾಗಬಾರದೆಂಬ ಎಚ್ಚರವೂ ಉಳಿಯಲಿಲ್ಲ.

ಹಾಲಸ್ವಾಮಿ ಕಾಗದಗಳನ್ನು ಫೈಲಿಗೆ ಸೇರಿಸಿದ. ಅವಳ ಕಡೆ ನೋಡಲಿಲ್ಲ.

“ಭೀಮೇಶ, ಇವಳ ಮನೆ ಯಾವುದು?”

“ಏಳನೇ ನಂಬರು ಸಾರ್.”

“ನಾಳಿದ್ದು ಸಂಜೆಯೊಳಗೆ ಖಾಲಿ ಮಾಡಿಸು.”

*

ಮನೆಗೆ ಬಂದಾಗ ಸಂಧ್ಯಾ ಕಾಲೇಜಿಗೆ ಹೋಗದೆ ಕೂತಿದ್ದಳು. ಲೈನಿಗೆಲ್ಲ ಸುದ್ದಿ ಹರಡಿತ್ತು. ಅಕ್ಕಪಕ್ಕದ ಮನೆಗಳ ಬಾಗಿಲು ಮುಚ್ಚಿದ್ದವು. ಚೌಡಮ್ಮ ಟ್ರಂಕು ತೆಗೆದು ಲಕೋಟೆ ಹುಡುಕಿದಳು.

“ಜೈಲಿಗೆ ಹಾಕ್ತಾರಾ ಅಮ್ಮ?”

“ಗೊತ್ತಿಲ್ಲ.”

“ಮತ್ಯಾಕೆ ಹೋಗ್ತೀಯ? ಸುಮ್ನಿರು. ನಾನು ಹೋಗ್ತೀನಿ ಓಣಿಗೆ. ದ್ಯಾಮಜ್ಜಿ ಈ ವಯಸ್ಸಲ್ಲೂ ಹೋಗ್ತಿಲ್ವಾ? ನಂಗೇನು ಆಗುತ್ತೆ?”

ಚೌಡಮ್ಮ ಕೈ ಎತ್ತಿದಳು. ಹೊಡೆಯಲಿಲ್ಲ. ಮಗಳ ಬಲಗೈ ಹಿಡಿದು ತಿರುಗಿಸಿ ನೋಡಿದಳು. ತೋರುಬೆರಳಿನ ಪಕ್ಕದಲ್ಲಿ ಪೆನ್ನು ಹಿಡಿದು ಆದ ಸಣ್ಣ ಗಂಟು. ಕೈ ಬಿಟ್ಟು, ಲಕೋಟೆ ಬ್ಲೌಸಿನೊಳಗೆ ಸೇರಿಸಿ, ಹೊರಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಲಿಲ್ಲ. ಹಿಂದಿನಿಂದ ಬೈಕಿನ ಹಾರನ್ನು ಕೇಳಿದಾಗಲೆಲ್ಲ ತಲೆ ತಗ್ಗಿಸಿದಳು. ಮಲವಗೊಪ್ಪದಲ್ಲಿ ಬಸ್ಸು ನಿಂತಾಗ ಬಿಳಿ ಅಂಗಿಯವನೊಬ್ಬ ಹತ್ತಿದ. ಫ್ಯಾಕ್ಟರಿಯವನೋ ಏನೋ ಎಂದು ಅವನು ಇಳಿಯುವವರೆಗೆ ಸೆರಗಿನಲ್ಲಿ ಮುಖ ಮುಚ್ಚಿ ಕೂತಳು. ಅವನು ಯಾರೋ ಅಡಿಕೆ ಮಂಡಿಯವನು.

ಬ್ಯಾಂಕಿನ ಊಟದ ಹೊತ್ತು. ಪರಶುರಾಮ ಡಬ್ಬಿ ಮುಚ್ಚಿಟ್ಟು ಹೊರಗೆ ಬಂದ. ಅವಳು ಹೇಳಿದ್ದನ್ನು ಕೇಳಿ ಕಾಗದ ತೆಗೆದು ಆ ಸಾಲನ್ನು ಮತ್ತೆ ಓದಿದ. ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟ.

“ಎಂಪ್ಟಿ ಹ್ಯಾಂಡೆಡ್ ಅಂತ ಇದೆ. ನಾನು ಅದನ್ನ ಬರಿಗೈ ಅಂತಾನೇ ಓದಿದೆ. ನೀವು ಸರಿ ಅಂದ್ರಿ. ನಂಗೂ ಸರಿ ಕಾಣ್ತು.” ಅವನು ಕಾಗದವನ್ನು ಮೊಣಕಾಲ ಮೇಲಿಟ್ಟು ಸರಿಮಾಡಿದ. “ನಮ್ಮಜ್ಜನೂ ಇದೇ ಕೆಲಸ ಮಾಡ್ತಿದ್ರು ಚೌಡಮ್ಮಕ್ಕ. ನಂಗೇ ಗೊತ್ತಾಗ್ಲಿಲ್ಲ.”

“ಈಗ ತಿದ್ದೋಕಾಗುತ್ತಾ?”

“ಆಗುತ್ತೆ. ಆದ್ರೆ ಹೊಸದಾಗಿ ಏನೂ ಸೇರಿಸೋ ಹಂಗಿಲ್ಲ. ಅವತ್ತು ಅಂದಿದ್ದನ್ನ ತಪ್ಪಾಗಿ ಬರ್ಕೊಂಡಿದ್ರೆ ಅಷ್ಟನ್ನ ಸರಿ ಮಾಡ್ಬೋದು.”

“ಹೇಲು ಅಂತ ಸೇರಿಸ್ಬೋದಾ?”

“ನೀವು ಅವತ್ತು ಅಂದಿಲ್ಲ. ‘ಅದನ್ನ’ ಅಂದ್ರಿ. ಅದೂ ಇದ್ರಲ್ಲಿ ಬಿಟ್ಟುಹೋಗಿದೆ.”

“ಹಂಗಾದ್ರೆ ಅದನ್ನೇ ಬರೀರಿ. ಅದನ್ನ ಬರಿಗೈಲಿ.”

ಅವನು ಎಂಪ್ಟಿ ಹ್ಯಾಂಡೆಡ್ ಎಂಬುದರ ಮೇಲೆ ಗೀಟು ಹಾಕಿದ. ಅಂಚಿನಲ್ಲಿ ಹೊಸ ಮಾತು ಬರೆದ. ಮೂರೇ ಮಾತು: ದಟ್, ಬೇರ್ ಹ್ಯಾಂಡೆಡ್.

“ಅದು ಅಂದ್ರೆ ಯಾವುದು ಅಂತ ಅವರು ತಿರುಗಿ ಕೇಳ್ತಾರೆ.”

“ಕೇಳ್ಲಿ. ಈ ಸಲ ಹೇಳ್ತೀನಿ.”

ಅವನು ಅವಳ ಮುಖ ನೋಡಿದ. ಅವಳು ಬೆವೆತಿದ್ದಳು. “ಬೇಕಾದ್ರೆ ಇದನ್ನ ಗುಟ್ಟಾಗಿಡಿ ಅಂತ ಕೇಳಿಕೊಂಡು ಒಂದು ಸಾಲು ಬರೀಬೋದು ಅಕ್ಕ. ಅವತ್ತೇ ಓದಿ ಹೇಳಿದ್ರಲ್ಲ.”

ಆ ಮಾತು ಅವಳಿಗೆ ನೀರು ಸಿಕ್ಕಂತಾಯಿತು. ಗುಟ್ಟು. ಯಾರಿಗೂ ಕಾಣುವುದಿಲ್ಲ.

“ಗುಟ್ಟು ಅಂದ್ರೆ ಯಾರಿಗೆ ಕಾಣಲ್ಲ?”

“ಜನಕ್ಕೆ. ಪೇಪರಿನೋರಿಗೆ. ಸಂಸದರಿಗೆ ಕಾಣ್ಬೋದು.”

ಅವಳು ಲೆಕ್ಕ ಹಾಕಿದಳು. ಹಾಲಸ್ವಾಮಿಗೆ ಗೊತ್ತು. ಭೀಮೇಶನಿಗೆ ಗೊತ್ತು. ಕ್ವಾರ್ಟರ್ಸಿನವರಿಗೆ ದಿನಾ ಬೆಳಿಗ್ಗೆ ಗೊತ್ತು. ಇನ್ನು ಗುಟ್ಟು ಯಾರಿಂದ?

“ಬೇಡ,” ಎಂದಳು. ಪೆನ್ನು ತೆಗೆದುಕೊಂಡು ತಿದ್ದಿದ ಮಾತಿನ ಪಕ್ಕದಲ್ಲಿ ತನ್ನ ಮೂರು ಅಕ್ಷರ ಬರೆದಳು. ಕೊನೆಯ ಅಕ್ಷರ ಗೀಟಿನಾಚೆ ಹೋಯಿತು.

ಪೋಸ್ಟಾಫೀಸಿನಲ್ಲಿ ಸಾಲು ಇತ್ತು. ಚೌಡಮ್ಮ ಎರಡು ಸಲ ಹಿಂದೆ ತಿರುಗಿ ಬಾಗಿಲು ನೋಡಿದಳು. ಅವರ ಸರದಿ ಬಂದಾಗ ಕೌಂಟರಿನವನು ಲಕೋಟೆ ತೂಗಿ, ಹಳದಿ ಕಾರ್ಡೊಂದನ್ನು ಮುಂದೆ ತಳ್ಳಿದ. “ದಿಲ್ಲಿಗೆ ಮುಟ್ಟಿದ ಮೇಲೆ ಅವರ ಸೈನು ಬಿದ್ದು ಈ ಕಾರ್ಡು ವಾಪಸು ಬರುತ್ತೆ. ಕಳಿಸೋರ ವಿಳಾಸ ಬರೀರಿ.”

ಪರಶುರಾಮ ಪೆನ್ನು ತೆಗೆದ. “ನಮ್ಮನೆ ವಿಳಾಸ ಹಾಕ್ತೀನಿ ಅಕ್ಕ. ರವೀಂದ್ರನಗರ. ನಿಮ್ಮ ಮನೆ ನಾಳಿದ್ದು ಇರುತ್ತೋ ಇಲ್ವೋ. ಅಲ್ಲಿಗೆ ಬಂದ್ರೆ ಭೀಮೇಶನ ಕೈಗೆ ಸಿಗುತ್ತೆ.”

“ಎಷ್ಟು ದಿನಕ್ಕೆ ಬರುತ್ತೆ ಅದು?” ಚೌಡಮ್ಮ ಕೌಂಟರಿನವನನ್ನು ಕೇಳಿದಳು.

“ಹತ್ತು ದಿನ. ಹನ್ನೆರಡು ಅಂದ್ಕೊಳ್ಳಿ.”

“ಸಫಾಯಿ ಲೈನು, ಏಳನೇ ಮನೆ, ಭದ್ರಾವತಿ,” ಎಂದಳು ಪರಶುರಾಮನಿಗೆ. “ಬರೀರಿ. ಅದು ಬರೋವರೆಗೂ ನಾನು ಮನೆ ಬಿಡಲ್ಲ.”

ಹೇಳಿ, ಕೌಂಟರಿನ ಕಟ್ಟೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ತುಂಬಾ ಭಯವಾಗಿತ್ತು.